ಅಣ್ಣನ ಕಸಿ ಚಾಕು ಫ್ರಾನ್ಸಿಗೆ ಹೋಗಿದ್ದು

ಫ್ರಾನ್ಸಿಗೆ ಹೋಗಿ ಬಂದವರು ಕಬ್ಬಿಣದ ಗೋಪುರದ ಕೆಳಗೆ ನಿಂತ ಫೋಟೋ ತೋರಿಸುತ್ತಾರೆ. ನಾನು ಆ ಗೋಪುರ ನೋಡಲೇ ಇಲ್ಲ. ನಮ್ಮ ಗುಂಪು ಹೋದದ್ದು ಹಸು ನೋಡಲು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಾಲು ಹಾಕುವ ರೈತರು ಇಪ್ಪತ್ತು ಜನ ಸೇರಿಕೊಂಡು, ಅಲ್ಲಿನ ಹಸುಗಳು ಏನು ತಿಂದು ಅಷ್ಟು ಹಾಲು ಕೊಡುತ್ತವೆ ಅಂತ ತಿಳಿದು ಬರಲು ಹೊರಟರು. ಹಸುವಿನ ಮೇವಿನ ಚರ್ಚೆ ಮುಗಿದ ಮೇಲೆ ತಮ್ಮ ಮೇವಿನ ಚರ್ಚೆ ಬಂತು. ಹನ್ನೆರಡು ದಿನ ಮುದ್ದೆಯಿಲ್ಲದೆ ಇರುವುದು ಆಗದ ಮಾತು ಅಂತ ತೀರ್ಮಾನವಾಗಿ, ಮದುವೆಮನೆ ಅಡುಗೆಯವನಾದ ನನ್ನನ್ನೂ ಮೂರು ಮೂಟೆ ರಾಗಿಹಿಟ್ಟನ್ನೂ ಜೊತೆಗೆ ಕರೆದುಕೊಂಡರು.

ನನ್ನ ಓದು ಆರನೇ ಕ್ಲಾಸಿಗೆ ನಿಂತಿದೆ. ಹಾಗಾಗಿ ಆ ದೇಶದ ಇತಿಹಾಸವನ್ನು ನನ್ನಿಂದ ಯಾರೂ ಕೇಳಬಾರದು. ನಾನು ಹೇಳಬಲ್ಲದ್ದು ಚಾಕುಗಳ ವಿಷಯ, ಅದರಲ್ಲೂ ಮಡಚಿ ಜೇಬಿಗೆ ಹಾಕಿಕೊಳ್ಳುವ ಚಾಕುಗಳ ವಿಷಯ. ಅದರ ಜೊತೆ ನನ್ನದೊಂದು ತಪ್ಪನ್ನೂ ಹೇಳಬೇಕಾಗಿದೆ. ಎರಡನ್ನೂ ಬೇರೆ ಬೇರೆ ಮಾಡಿ ಬರೆಯಲು ನೋಡಿದೆ. ಆಗಲಿಲ್ಲ.

ಹೊಳೆನರಸೀಪುರ, ಹೊರಡುವ ಮೊದಲು

ನಮ್ಮಣ್ಣ ರಂಗಪ್ಪ ಒಂದು ಕಾಲದಲ್ಲಿ ಮಾವಿನ ಗಿಡಕ್ಕೆ ಕಸಿ ಕಟ್ಟುತ್ತಿದ್ದ. ಊರಾಚೆಯ ನರ್ಸರಿಯೊಂದರಲ್ಲಿ ಅವನೂ ಅವನ ಗೆಳೆಯ ಸೀನಪ್ಪನೂ ಜೋಡಿ. ಅಣ್ಣ ಕೊಯ್ಯುವವನು, ಸೀನಣ್ಣ ಕಟ್ಟುವವನು. ಅಣ್ಣ ಕಸಿಕಡ್ಡಿಯ ಬುಡವನ್ನು ಎರಡೇ ಎಳೆತಕ್ಕೆ ಬೆಣೆಯ ಹಾಗೆ ಸವರಿ ಗಿಡದ ಸೀಳಿನೊಳಗೆ ಇಳಿಸುವನು. ಅದಕ್ಕೆ ಗಾಳಿ ಸೋಕುವ ಮೊದಲೇ ಸೀನಣ್ಣನ ಪ್ಲಾಸ್ಟಿಕ್ ಪಟ್ಟಿ ಸುತ್ತಿಕೊಂಡಿರುತ್ತಿತ್ತು. ಅವರು ಕಟ್ಟಿದ್ದು ಒಣಗಿದ್ದನ್ನು ನಾನು ಕಂಡಿದ್ದು ಕಡಿಮೆ.

ಕೊಯ್ಯುವುದಕ್ಕೆ ಅಣ್ಣನ ಹತ್ತಿರ ಒಂದು ಚಾಕು ಇತ್ತು. ನರ್ಸರಿಯ ಹಳೆಯ ಯಜಮಾನರು ಹೊರದೇಶದಿಂದ ತಂದದ್ದು. ಕಪ್ಪು ಮರದ ಹಿಡಿ, ಹಿಡಿಯ ಎರಡೂ ತುದಿಗೆ ಹಿತ್ತಾಳೆ, ಅಲಗಿನ ಒಂದು ಮಗ್ಗುಲು ಪೂರ್ತಿ ಚಪ್ಪಟೆ, ಸಾಣೆ ಇನ್ನೊಂದು ಮಗ್ಗುಲಿಗೆ ಮಾತ್ರ. ಮಡಚಿದರೆ ಟಕ್ ಅಂತ ಒಂದು ಸದ್ದು. ಯಜಮಾನರು ವಯಸ್ಸಾಗಿ ಕೆಲಸ ಬಿಟ್ಟಾಗ ಅದನ್ನು ಅಣ್ಣನಿಗೆ ಕೊಟ್ಟರು. ಕೊಟ್ಟರು ಅಂದರೆ ಕೈಗೆ ಕೊಡಲಿಲ್ಲ. ನಮ್ಮ ಕಡೆ ಚಾಕು, ಮಚ್ಚು, ಕತ್ತರಿ ಯಾವುದನ್ನೂ ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಹತ್ತುತ್ತದೆ ಅಂತ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಯಜಮಾನರು ಜಗಲಿಯ ಮೇಲೆ ಇಟ್ಟರು, ಅಣ್ಣ ಎತ್ತಿಕೊಂಡ. ಎಲ್ಲವೂ ಶಾಸ್ತ್ರದ ಪ್ರಕಾರವೇ ಆಯಿತು. ಜಗಳಕ್ಕೆ ನನ್ನಂಥ ತಮ್ಮನೊಬ್ಬ ಬೇಕಾಗಿದ್ದ ಅಷ್ಟೆ.

ಇಪ್ಪತ್ತೆರಡು ವರ್ಷದ ಹಿಂದೆ ಚನ್ನರಾಯಪಟ್ಟಣದಲ್ಲಿ ನಮ್ಮ ನೆಂಟರ ಮದುವೆ. ನಾನು ಆಗ ದೊಡ್ಡ ಅಡುಗೆಯವರ ಕೈಕೆಳಗೆ ಹೊಸಬ. ಜೊತೆಯವರ ಮುಂದೆ ಠೀವಿ ತೋರಿಸಬೇಕು ಅಂತ, ಗೋಡೆಯ ಗೂಡಿನಲ್ಲಿದ್ದ ಅಣ್ಣನ ಚಾಕುವನ್ನು ಹೇಳದೆ ಕೇಳದೆ ಜೇಬಿಗೆ ಹಾಕಿಕೊಂಡು ಹೋದೆ. ಅಲ್ಲಿ ಎಣ್ಣೆ ಡಬ್ಬದ ಮುಚ್ಚಳ ಬರಲಿಲ್ಲ. ಚಾಕುವಿನ ಮೊನೆ ತೂರಿಸಿ ಮೀಟಿದೆ. ಮುಚ್ಚಳ ಬಂತು. ಮೊನೆಯೂ ಬಂತು, ಹೆಬ್ಬೆರಳಿನ ಉಗುರಿನಷ್ಟು. ಅದನ್ನು ಒಲೆಯ ಬೂದಿಗೆ ಎಸೆದೆ. ಚಾಕು ಒರೆಸಿ, ಮಡಚಿ, ಸಂಜೆ ತಂದು ಗೂಡಿನಲ್ಲಿ ಮೊದಲಿದ್ದ ಹಾಗೇ ಇಟ್ಟೆ. ಮಡಚುವ ಚಾಕುವಿನಲ್ಲಿ ಒಂದು ದೊಡ್ಡ ಅನುಕೂಲವಿದೆ. ಮುಚ್ಚಿದಾಗ ಮುರಿದದ್ದೂ ಒಂದೇ, ನೆಟ್ಟಗಿರುವುದೂ ಒಂದೇ.

ಮದುವೆಯ ಹಿಂದಿನ ದಿನ ಸೀನಣ್ಣ ಅದನ್ನು ಮಸೆದು ಕೊಟ್ಟಿದ್ದ. ಆ ಚಾಕು ಮುಟ್ಟಲು ಅಣ್ಣ ಬಿಡುತ್ತಿದ್ದದ್ದು ಅವನೊಬ್ಬನನ್ನೇ. ಹಾಗಾಗಿ ಮದುವೆ ಮುಗಿದು ಸೋಮವಾರ ನರ್ಸರಿಯಲ್ಲಿ ಚಾಕು ಬಿಚ್ಚಿದಾಗ ಅಣ್ಣ ಮೊದಲು ನೋಡಿದ್ದು ಅವನ ಮುಖವನ್ನೇ. "ಬೀಳಿಸ್ಕಂಡೆ ಅಂತ ಒಂದ್ ಮಾತು ಯೋಳು, ಸಾಕು" ಅಂದನಂತೆ ಅಣ್ಣ. "ಬೀಳಿಸ್ದೇ ಯಂಗ್ ಯೋಳ್ಲಿ?" ಅಂದನಂತೆ ಸೀನಣ್ಣ. ಮಾತಿಗೆ ಮಾತು ಬೆಳೆಯಿತು. ಅಣ್ಣ ಮನೆಗೆ ಬಂದು ಅವನನ್ನು ಬೈಯುವಾಗ ನಾನು ಊಟಕ್ಕೆ ಕೂತಿದ್ದೆ. ಹೇಳಿಬಿಡೋಣ ಅಂತ ಬಾಯಿ ತೆರೆದೆ. ತೆರೆದ ಬಾಯಿಗೆ ಇನ್ನೊಂದು ತುತ್ತು ಇಟ್ಟುಕೊಂಡೆ. ಆಮೇಲೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಸೀನಣ್ಣ ನರ್ಸರಿ ಬಿಟ್ಟು ಹೆಂಡತಿಯ ಊರಾದ ಅರಕಲಗೂಡಿಗೆ ಹೋದ. ಬೇರೆ ಯಾರು ಕಟ್ಟಿದರೂ ಅಣ್ಣನ ಕಸಿ ಹಿಡಿಯಲಿಲ್ಲ. ಒಂದು ವರ್ಷಕ್ಕೆ ಅವನೂ ಕೆಲಸ ಬಿಟ್ಟು ಹಸು ಕಟ್ಟಿದ. ಇಬ್ಬರೂ ಆವತ್ತಿನಿಂದ ಮಾತು ಬಿಟ್ಟರು. ಪ್ರತಿ ವರ್ಷ ಆಯುಧಪೂಜೆಗೆ ಅಣ್ಣ ಆ ಮುರುಕು ಚಾಕುವನ್ನು ಗೂಡಿನಿಂದ ತೆಗೆದು, ಬಿಚ್ಚಿ, ಕುಂಕುಮ ಇಟ್ಟು, "ಸೀನ ಮುರ್ದಿದ್ದು" ಅನ್ನುತ್ತಿದ್ದ. ಅದು ಅವನ ಮಂತ್ರವಾಗಿತ್ತು. ನಾನು ಪಕ್ಕದಲ್ಲಿ ನಿಂತು ಬೂದುಗುಂಬಳಕಾಯಿ ಒಡೆಯುತ್ತಿದ್ದೆ.

ಫ್ರಾನ್ಸಿನಲ್ಲಿ ಚಾಕು ಮಾಡುವುದೇ ಕಸುಬಾದ ಊರೊಂದು ನಮ್ಮ ದಾರಿಯಲ್ಲಿ ಬರುತ್ತದೆ ಅಂತ ಪ್ರವಾಸದ ಮುಖಂಡ ಜಗದೀಶ್ ಹೇಳಿದಾಗ ನನಗೊಂದು ಉಪಾಯ ಹೊಳೆಯಿತು. ಮುರಿದದ್ದನ್ನು ಅಲ್ಲಿ ಸರಿ ಮಾಡಿಸುವುದು, ಆಗದಿದ್ದರೆ ಅಂಥದ್ದೇ ಹೊಸದು ತರುವುದು, ಆಯುಧಪೂಜೆಗೆ ಮೊದಲು ಗೂಡಿನಲ್ಲಿ ಇಟ್ಟುಬಿಡುವುದು. ಅಣ್ಣ ಬಿಚ್ಚಿ ನೋಡಿದಾಗ ಮೊನೆ ಬಂದಿರುತ್ತದೆ. ಸರಿ ಮಾಡಿಸಿಕೊಂಡು ಬಂದೆ ಅನ್ನುವುದು. ಎಲ್ಲವೂ ಸರಿಯಾಗುತ್ತದೆ, ನಾನು ಒಂದು ಮಾತೂ ಒಪ್ಪಿಕೊಳ್ಳಬೇಕಾಗಿಲ್ಲ. ಹೊರಡುವ ದಿನ ಅಣ್ಣ ಹಾಲು ಹಾಕಲು ಡೈರಿಗೆ ಹೋದ ಹೊತ್ತು ನೋಡಿ ಚಾಕುವನ್ನು ಎರಡನೇ ಸಲ ಕದ್ದೆ.

ಜಿನೀವಾ

ವಿಮಾನ ಇಳಿದ ಮೇಲೆ ಸಾಮಾನು ತಪಾಸಣೆಯವರು ನನ್ನ ಚೀಲದಿಂದ ಈಳಿಗೆಮಣೆಯನ್ನು ಹೊರಗೆ ತೆಗೆದರು. ಮೂವರು ಅಧಿಕಾರಿಗಳು ಅದರ ಸುತ್ತ ನಿಂತು ಯೋಚಿಸಿದರು. ಒಬ್ಬ ಅದನ್ನು ತಲೆಕೆಳಗು ಹಿಡಿದು ನೋಡಿದ. ಕೊನೆಗೆ ನಾನು ನೆಲದ ಮೇಲೆ ಇಟ್ಟು, ಮಣೆಯ ಮೇಲೆ ಕಾಲೂರಿ ಕೂತು, ಜಗದೀಶರ ಕೈಯಲ್ಲಿದ್ದ ಬಾಳೆಹಣ್ಣನ್ನು ಹೆಚ್ಚಿ ತೋರಿಸಿದೆ. ಅವರಿಗೆ ಆಶ್ಚರ್ಯವಾದದ್ದು ಅಲಗು ಅಲ್ಲಾಡದೆ ನಿಂತಿರುತ್ತದೆ, ತರಕಾರಿಯೇ ಅದರ ಹತ್ತಿರ ಹೋಗುತ್ತದೆ ಅನ್ನುವುದಕ್ಕೆ. ಅವರ ದೇಶದಲ್ಲಿ ಚಾಕು ಮನುಷ್ಯನ ಹಿಂದೆ ಹಿಂದೆ ಹೋಗುತ್ತದೆ. ನಮ್ಮಲ್ಲಿ ಮನುಷ್ಯ ಹೋಗಿ ಅದರ ಮುಂದೆ ಕೂರಬೇಕು.

ಆ ಊರಿನ ಅಂಗಡಿಗಳಲ್ಲಿ ಎಲ್ಲಿ ನೋಡಿದರೂ ಕೆಂಪು ಹಿಡಿಯ ಚಾಕು. ಒಂದು ಹಿಡಿಯೊಳಗೆ ಕತ್ತರಿ, ಸೂಜಿ, ತಿರುಪುಳಿ, ಬಿರಡೆ ತೆಗೆಯುವ ಸುರುಳಿ, ಡಬ್ಬ ತೆಗೆಯುವ ಕೊಕ್ಕೆ. ಬಿಗಿಯಾದ ಕೆಲಸ, ಒಂದು ಅಲಗೂ ಆ ಕಡೆ ಈ ಕಡೆ ಆಡುವುದಿಲ್ಲ. ಅರಕಲಗೂಡು ಕಡೆಯ ಬೋರೇಗೌಡರು ಮೊಮ್ಮಕ್ಕಳಿಗೆ ಅಂತ ಆರು ಕೊಂಡು, ರೂಮಿನಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ನೋಡಿದರು.

"ಚಾಕು ಎಲ್ಲೈತ್ಲಾ ಪುಟ್ಟಸ್ವಾಮಿ ಇದ್ರಲ್ಲಿ? ಎಲ್ಲಾ ಐತೆ, ಚಾಕೇ ಕಾಣ್ದು!"

ನನ್ನ ಕಣ್ಣು ಇದ್ದದ್ದು ಡಬ್ಬ ತೆಗೆಯುವ ಕೊಕ್ಕೆಯ ಮೇಲೆ. ಆ ಕೊಕ್ಕೆ ಚನ್ನರಾಯಪಟ್ಟಣಕ್ಕೆ ಇಪ್ಪತ್ತೆರಡು ವರ್ಷ ಮೊದಲು ಬಂದಿದ್ದರೆ ಅಂತ ಅನಿಸಿತು. ತಪ್ಪು ಮಾಡಿದವನಿಗೆ ಯಾವ ದೇಶಕ್ಕೆ ಹೋದರೂ ತನ್ನ ತಪ್ಪಿಗೆ ಸಂಬಂಧಪಟ್ಟ ಸಾಮಾನೇ ಮೊದಲು ಕಾಣುತ್ತದೆ.

ಗುಡ್ಡದ ಮೇಲಿನ ದನದ ಮನೆ

ಗಡಿ ದಾಟಿ ಫ್ರಾನ್ಸಿಗೆ ಬಂದು ಒಂದು ಗುಡ್ಡದೂರಿನ ಹಾಲಿನವರ ಮನೆಯಲ್ಲಿ ಎರಡು ದಿನ ಇದ್ದೆವು. ಹಸುಗಳ ಗಾತ್ರ ನಂಬಲಾಗದೆ ನಮ್ಮವರು ಒಂದೊಂದರ ಸುತ್ತಲೂ ಒಂದು ಸುತ್ತು ಬಂದರು. ಮಧ್ಯಾಹ್ನ ಯಜಮಾನ ಊಟಕ್ಕೆ ಕರೆದ. ಉದ್ದನೆಯ ಮೇಜು. ತಟ್ಟೆ ಇದೆ, ರೊಟ್ಟಿ ಇದೆ, ಚೀಸಿನ ಗಟ್ಟಿ ಇದೆ. ಚಾಕು ಇಲ್ಲ. ಮರೆತಿದ್ದಾರೆ ಅಂದುಕೊಂಡೆವು. ಅಷ್ಟರಲ್ಲಿ ಆ ಮನೆಯವರೆಲ್ಲ ಒಬ್ಬೊಬ್ಬರೇ ತಮ್ಮ ತಮ್ಮ ಜೇಬಿಗೆ ಕೈ ಹಾಕಿ ಮಡಚುವ ಚಾಕು ತೆಗೆದರು. ಅಲ್ಲಿ ಅವರವರ ಚಾಕು ಅವರವರೇ ತರಬೇಕು. ರೊಟ್ಟಿಯನ್ನು ಎದೆಗೆ ಒತ್ತಿ ಹಿಡಿದು, ಚಾಕುವನ್ನು ತಮ್ಮ ಕಡೆಗೇ ಎಳೆದು ಕೊಯ್ಯುತ್ತಾರೆ. ನೋಡುವವರಿಗೆ ಜೀವ ಹೋಗುತ್ತದೆ. ಊಟ ಆದ ಮೇಲೆ ಕೊನೆಯ ರೊಟ್ಟಿ ಚೂರಿನಿಂದ ಅಲಗು ಒರೆಸಿ, ಆ ಚೂರನ್ನು ಬಾಯಿಗೆ ಹಾಕಿಕೊಂಡು, ಮಡಚಿ ಜೇಬಿಗೆ.

ಯಜಮಾನನ ಚಾಕು ಬಹಳ ಸರಳ. ಒಂದು ಗುಂಡು ಮರದ ಹಿಡಿ, ಅದರ ಸೀಳಿನಲ್ಲಿ ಅಲಗು, ಕತ್ತಿನಲ್ಲಿ ಒಂದು ಲೋಹದ ಬಳೆ. ಬಳೆ ತಿರುಗಿಸಿದರೆ ಅಲಗು ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಸ್ಪ್ರಿಂಗಿಲ್ಲ, ಹಿತ್ತಾಳೆಯಿಲ್ಲ. ಮರ ಒದ್ದೆಯಾಗಿ ಊದಿಕೊಂಡರೆ ಅಲಗು ಹೊರಗೇ ಬರುವುದಿಲ್ಲ, ಆಗ ಹಿಡಿಯ ಹಿಂಭಾಗವನ್ನು ಮೇಜಿಗೆ ಕುಟ್ಟಿ ಬರಿಸುತ್ತಾರೆ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲ ಜೊತೆ ನಾವು ನಡೆದುಕೊಳ್ಳುವ ಹಾಗೆ. ಯಜಮಾನನ ಹೆಂಡತಿಯದು ಬೇರೆ ಮಾದರಿ. ತೆಳ್ಳಗೆ ಬಳುಕಿದ ಹಿಡಿ, ಬೆನ್ನಿನ ಸ್ಪ್ರಿಂಗಿನ ಮೇಲೆ ಅರದಿಂದ ಕೆತ್ತಿದ ಜೇನುಹುಳು, ಹಿಡಿಯಲ್ಲಿ ಸಣ್ಣ ಸಣ್ಣ ಮೊಳೆಗಳಿಂದ ಒಂದು ಶಿಲುಬೆ. ಹಿಂದೆ ಕುರಿ ಕಾಯುವವರು ಗುಡ್ಡದ ಮೇಲೆ ಚಾಕುವನ್ನು ರೊಟ್ಟಿಗೆ ಚುಚ್ಚಿ ನಿಲ್ಲಿಸಿ, ಆ ಶಿಲುಬೆಯ ಮುಂದೆ ಪ್ರಾರ್ಥನೆ ಮಾಡುತ್ತಿದ್ದರಂತೆ. ಅವರ ಆಯುಧಪೂಜೆ ದಿನಾ ಊಟಕ್ಕೆ ಮೊದಲು.

ಚಾಕುವಿಲ್ಲದೆ ಕೂತ ಇಪ್ಪತ್ತು ಜನ ರೈತರನ್ನು ನೋಡಿ ಯಜಮಾನನಿಗೆ ಪಾಪ ಅನಿಸಿತು. ಆಗ ನಾನು ಗಂಭೀರವಾಗಿ ಅಣ್ಣನ ಚಾಕುವನ್ನು ಜೇಬಿನಿಂದ ತೆಗೆದೆ. ಬೋರೇಗೌಡರು ಬೆರಗಾದರು. ಯಜಮಾನ ಖುಷಿಯಿಂದ ಬಾಗಿ ನೋಡಿದ, ಮುರಿದ ಮೊನೆ ಕಂಡು ಏನೋ ಕೇಳಿದ.

"ತುದಿ ಏನಾಯ್ತು ಅಂತಿದಾರೆ, ಪುಟ್ಟಸ್ವಾಮಣ್ಣ" ಅಂದರು ಜಗದೀಶ್.

"ಹಳೇದು ಅನ್ನಿ ಸಾ."

ಮಾರನೇ ದಿನ ನಾನು ಅವರಿಗೆ ಮುದ್ದೆ, ಬಸ್ಸಾರು ಮಾಡಿ ಬಡಿಸಿದೆ. ಯಜಮಾನ ಅಭ್ಯಾಸಬಲದಿಂದ ಚಾಕು ತೆಗೆದು ಮುದ್ದೆ ಕೊಯ್ಯಲು ಹೋದ. ಅಲಗು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಬಂದ ಮೇಲೆ ಬಳೆಯ ಸಂದಿಯಲ್ಲೆಲ್ಲ ರಾಗಿ. ಬೋರೇಗೌಡರು ಅವನ ಕೈ ಹಿಡಿದು, ಮುರಿದು ಅದ್ದಿ ನುಂಗುವುದನ್ನು ಕಲಿಸಿದರು. ಆ ಮನುಷ್ಯ ಅಗಿಯದೆ ನುಂಗಲು ಹೆದರಿದ. ನಾವು ಅವನು ಎದೆಗೆ ಚಾಕು ಎಳೆದುಕೊಳ್ಳುವುದಕ್ಕೆ ಹೆದರಿದ್ದೆವು. ಲೆಕ್ಕ ಸಮವಾಯಿತು.

ಆ ಎರಡು ದಿನದಲ್ಲಿ ನಾನು ಅವರಿಂದ ಕಲಿತದ್ದು ಒಂದೇ ಅಭ್ಯಾಸ. ಚಾಕುವನ್ನು ಯಾವಾಗಲೂ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳುವುದು. ಅದರ ಫಲ ಮುಂದೆ ಬರುತ್ತದೆ.

ತ್ಯೇರ್

ಚಾಕುಗಳ ಊರಿನ ಹೆಸರು ತ್ಯೇರ್. ಇಳಿಜಾರಿಗೆ ಅಂಟಿಕೊಂಡ ಮನೆಗಳು, ಕೆಳಗೆ ಧುಮುಕುವ ಹೊಳೆ. ಹಿಂದೆ ಆ ನೀರಿನಿಂದಲೇ ಸಾಣೆಕಲ್ಲು ತಿರುಗುತ್ತಿತ್ತು. ಸಾಣೆ ಹಿಡಿಯುವವರು ಹಲಗೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಕೈ ಕೆಳಗೆ ಚಾಚಿ ಅಲಗು ಮಸೆಯುತ್ತಿದ್ದರು. ಚಳಿಗೆ ಕಾಲು ಮರಗಟ್ಟದಿರಲಿ ಅಂತ ತಮ್ಮ ನಾಯಿಯನ್ನು ಕಾಲಿನ ಮೇಲೆ ಮಲಗಿಸಿಕೊಳ್ಳುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಸಾಲಾಗಿ ಮನುಷ್ಯರು, ಮನುಷ್ಯರ ಮೇಲೆ ಸಾಲಾಗಿ ನಾಯಿಗಳು.

"ಮನೀಕಂಡ್ ಮಾಡೋ ಕೆಲ್ಸ ಅಂದ್ರೆ ನಮ್ ದೊಡ್ಮಗಂಗೆ ಸರ್ಯಾಗ್ತದೆ" ಅಂದರು ಬೋರೇಗೌಡರು. "ನಾಯಿನೂ ಐತೆ ಮನೇಲಿ."

ಒಂದು ಸಣ್ಣ ಅಂಗಡಿಗೆ ಹೋದೆವು. ಚರ್ಮದ ಏಪ್ರನ್ ಕಟ್ಟಿಕೊಂಡ ಅರವತ್ತು ದಾಟಿದ ಹೆಂಗಸು ಅಲ್ಲಿ ಕೂತು ತಾನೇ ಚಾಕು ಜೋಡಿಸುತ್ತಿದ್ದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಜಗದೀಶ್ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಗೋಡೆ ತುಂಬ ಬೇರೆ ಬೇರೆ ಮಾದರಿ. ಒಂದರಲ್ಲಿ ಮೊನೆಯೇ ಇಲ್ಲ, ಅಲಗಿನ ತುದಿ ಮೊಂಡಾಗಿ ಕೊಯ್ದ ಹಾಗಿದೆ. ಅದು ಹಡಗಿನವರ ಚಾಕು. ಸಮುದ್ರದ ಮೇಲೆ ಜಗಳವಾದರೆ ಒಬ್ಬರನ್ನೊಬ್ಬರು ತಿವಿಯದಿರಲಿ ಅಂತ ಮೊನೆ ಬಿಟ್ಟು ಮಾಡುತ್ತಿದ್ದರಂತೆ. ನನಗೆ ಒಂದು ಕ್ಷಣ ಆಸೆಯಾಯಿತು. ಅಣ್ಣನದೂ ಈ ಜಾತಿಯದೇ, ಹುಟ್ಟಿನಿಂದಲೇ ಮೊನೆ ಇರಲಿಲ್ಲ ಅಂದುಬಿಟ್ಟರೆ?

ಒಳ್ಳೆಯ ಚಾಕು ಗುರುತು ಹಿಡಿಯುವುದನ್ನು ಅವಳು ನನಗೆ ಕಲಿಸಿದಳು. ಬಿಚ್ಚಿ, ಅಲಗು ಹಿಡಿದು ಪಕ್ಕಕ್ಕೆ ಅಲ್ಲಾಡಿಸಬೇಕು, ಕೂದಲಷ್ಟೂ ಆಡಬಾರದು. ಬೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿಯಬೇಕು, ಸ್ಪ್ರಿಂಗಿಗೂ ಹಿಡಿಗೂ ನಡುವೆ ಬೆಳಕು ತೂರಬಾರದು. ಮಡಚಿ ಮೇಲಿನಿಂದ ನೋಡಬೇಕು, ಅಲಗು ಎರಡೂ ಗೋಡೆಯ ಸರಿ ನಡುವೆ ಮಲಗಿರಬೇಕು. ಕೊನೆಗೆ, ಬಿಚ್ಚುವಾಗ ಬೆರಳಿಗೆ ಒಂದೇ ಸಮನಾದ ಎದುರು ಸಿಗಬೇಕು. ನಮ್ಮ ಸಂತೆಯಲ್ಲಿ ನಾವು ನೋಡುವುದು ಒಂದೇ, ಟಕ್ ಅನ್ನುವ ಸದ್ದು. ನಾನು ಅವಳದೊಂದು ಚಾಕುವನ್ನು ಹಾಗೆ ಮುಚ್ಚಿ ತೋರಿಸಿದೆ. ಮಗುವನ್ನು ಹೊಡೆದವರನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಸದ್ದಾಗುವ ಹಾಗೆ ಮುಚ್ಚಿದರೆ ಅಲಗಿನ ಬಾಯಿ ಸ್ಪ್ರಿಂಗಿಗೆ ಬಡಿದು ಹಾಳಾಗುತ್ತದಂತೆ. ಬೆರಳಿನಿಂದ ಹಿಡಿದು ಮೆಲ್ಲಗೆ ಮಲಗಿಸಬೇಕು.

ಆಮೇಲೆ ನಾನು ಅಣ್ಣನ ಚಾಕುವನ್ನು ಅವಳ ಮುಂದೆ ಇಟ್ಟೆ. ಅವಳು ಅದನ್ನು ಅಲ್ಲಾಡಿಸಿ, ಬೆಳಕಿಗೆ ಹಿಡಿದು, ಮಡಚಿ ನೋಡಿ ತಲೆದೂಗಿದಳು. ಇಷ್ಟು ವರ್ಷ ಆದರೂ ಬಿಗಿ ಇದೆ, ಒಳ್ಳೆಯ ಕೈಯಲ್ಲಿ ಇತ್ತು ಅಂದಳು. ಆಮೇಲೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುರಿದ ಜಾಗ ನೋಡಿ ಏನೋ ಹೇಳಿ ನಕ್ಕಳು. ಜಗದೀಶರೂ ನಕ್ಕರು.

"ಉಕ್ಕಿಂದು ತಪ್ಪಿಲ್ವಂತೆ. ಕೆಳಗೆ ಬಿದ್ದಿದ್ರೆ ಹಿಂಗೆ ಮುರಿಯಲ್ವಂತೆ. ಅಡ್ಡಕ್ಕೆ ಮೀಟಿದಾರೆ, ಯಾರೋ ಡಬ್ಬ ತೆಗೆದಿದಾರೆ ಅಂತಾರೆ."

ಅಂಗಡಿಯಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ಬೋರೇಗೌಡರು ಕೇಳಿದರು:

"ಯಾವನ್ಲಾ ಅವ್ನು, ಇಂಥಾ ಚಾಕ್ನಾಗೆ ಡಬ್ಬ ತೆಗ್ದೋನು?"

"ನಮ್ಮಣ್ಣ" ಅಂದೆ.

ಅದು ಹೇಗೆ ಬಾಯಿಂದ ಬಂತೋ ನನಗೆ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಸುಮ್ಮನಿದ್ದು ಸೀನಣ್ಣನ ಮೇಲೆ ಹೊರಿಸಿದ್ದೆ. ಈಗ ಬಾಯಿ ಬಿಟ್ಟು ಅಣ್ಣನ ಮೇಲೆ ಹೊರಿಸಿದೆ. ಹೊರಿಸಲು ಇನ್ನು ಯಾರೂ ಉಳಿದಿರಲಿಲ್ಲ. "ಚಾಕು ಅಂದ್ರೆ ಹಾರೆ ಅಲ್ಲ ಅಂತ ನಿಮ್ಮಣ್ಣಂಗೆ ಹೇಳ್ಬೇಕಂತೆ" ಅಂದರು ಜಗದೀಶ್. ಹೇಳುತ್ತೇನೆ ಅಂದೆ.

ಅಲಗು ಬದಲಾಯಿಸಲು ಮೂರು ವಾರ ಬೇಕು ಅಂದಳು. ನಮಗೆ ಇದ್ದದ್ದು ಮೂರು ದಿನ. ಹುಡುಕಿ ಅದೇ ಮಾದರಿಯ ಹೊಸ ಕಸಿ ಚಾಕು ತೆಗೆದಳು. ಅದೇ ಕಪ್ಪು ಮರ, ಅದೇ ಹಿತ್ತಾಳೆ, ಒಂದು ಮಗ್ಗುಲಿನ ಸಾಣೆ. ಹಿಡಿಯನ್ನು ನನ್ನ ಕಡೆ ಮಾಡಿ ಕೈಗೆ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ. ಇನ್ನೂ ಮುಂದಕ್ಕೆ ಚಾಚಿದಳು. ನಾನು ಹಿಂದಕ್ಕೆ ಸರಿದು ಮೇಜು ತೋರಿಸಿದೆ. ಜಗದೀಶ್ ನಮ್ಮ ಕಡೆಯ ಪದ್ಧತಿ ವಿವರಿಸಿದ ಮೇಲೆ ಅವಳಿಗೆ ಬಹಳ ಸಂತೋಷವಾಯಿತು. ಅವರಲ್ಲೂ ಉಂಟಂತೆ. ಚಾಕುವನ್ನು ಉಡುಗೊರೆ ಕೊಟ್ಟರೆ ಸ್ನೇಹ ಕಡಿದುಹೋಗುತ್ತದೆ ಅಂತ, ತೆಗೆದುಕೊಂಡವರು ಕೊಟ್ಟವರಿಗೆ ಒಂದು ಸಣ್ಣ ನಾಣ್ಯವನ್ನಾದರೂ ಕೊಡುತ್ತಾರಂತೆ. ಚಾಕುವಿನ ವಿಷಯದಲ್ಲಿ ಎಲ್ಲ ದೇಶದವರೂ ಹೆದರಿದ್ದಾರೆ. ಗೆಳೆತನ ಕಡಿಯಲು ಚಾಕುವೇ ಬೇಕಾಗಿಲ್ಲ, ಊಟಕ್ಕೆ ಕೂತ ಒಬ್ಬ ತಮ್ಮ ಸಾಕು ಅನ್ನುವುದು ಯಾವ ದೇಶದ ಶಾಸ್ತ್ರದಲ್ಲೂ ಬಂದಿಲ್ಲ.

ಮತ್ತೆ ವಿಮಾನ ನಿಲ್ದಾಣ

ಹೊಸ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ, ಮುದ್ದೆಯ ಪಾತ್ರೆಯೊಳಗೆ ಇಟ್ಟು, ಪಾತ್ರೆಯನ್ನು ದೊಡ್ಡ ಚೀಲಕ್ಕೆ ಹಾಕಿ ಕಳಿಸಿದೆ. ಅಷ್ಟು ಜಾಣತನ ಇತ್ತು. ಆದರೆ ಆ ದಿನ ಬೆಳಗ್ಗೆ ಚಿತ್ರಾನ್ನಕ್ಕೆ ನಿಂಬೆಹಣ್ಣು ಕೊಯ್ದದ್ದು ಅಣ್ಣನ ಹಳೆಯ ಚಾಕುವಿನಲ್ಲಿ. ಕೊಯ್ದು, ಒರೆಸಿ, ಮಡಚಿ, ಫ್ರಾನ್ಸಿನ ರೈತನ ಹಾಗೆ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ತಪಾಸಣೆಯ ಕಮಾನು ಕೂಗಿತು. ಸಮವಸ್ತ್ರದ ಹುಡುಗಿಯೊಬ್ಬಳು ಚಾಕುವನ್ನು ಬಿಚ್ಚಿ, ಅಳತೆಯ ಪಟ್ಟಿಗೆ ಹಿಡಿದಳು. ಉಳಿದ ಅಲಗೂ ಅವರ ಅಳತೆಗಿಂತ ಉದ್ದವಿತ್ತು. ಪಕ್ಕದ ಡಬ್ಬ ತೋರಿಸಿದಳು. ಅದರಲ್ಲಿ ಆಗಲೇ ಬೋರೇಗೌಡರ ಒಂದು ಕೆಂಪು ಚಾಕು ಬಿದ್ದಿತ್ತು. ಇನ್ನು ಮೂರು ದಿನಕ್ಕೆ ಆಯುಧಪೂಜೆ. ಇಷ್ಟು ವರ್ಷ ಅದೇ ಗೂಡಿನಲ್ಲಿ ಇದ್ದದ್ದು ಈಗ ಈ ಡಬ್ಬದೊಳಗೆ ಹೋಗುತ್ತದೆ.

"ನಿಮ್ದಾ ಅಂತ ಕೇಳ್ತಿದಾರೆ" ಅಂದರು ಜಗದೀಶ್.

"ನಂದಲ್ಲ ಅನ್ನಿ ಸಾ. ನಮ್ಮಣ್ಣಂದು, ವಾಪಸ್ ಇಡ್ಬೇಕು ಅನ್ನಿ."

"ಅಯ್ಯೋ, ಹಂಗೆಲ್ಲ ಅನ್ಬೇಡಿ! ಬೇರೆಯೋರ ಚಾಕು ಜೇಬಲ್ಲಿಟ್ಕೊಂಡು ವಿಮಾನ ಹತ್ತೋಕೆ ಬಂದ ಅಂದ್ರೆ ಕೂರಿಸ್ಕೊಂಬಿಡ್ತಾರೆ. ನಂದೇ, ನಂದೇ ತಪ್ಪು, ಗೊತ್ತಾಗ್ಲಿಲ್ಲ ಅಂತ ಹೇಳಿ ಮುಗಿಸಿ. ಅವರ ಮುಖ ನೋಡ್ಕೊಂಡು ಹೇಳಿ."

ನಾನು ಆ ಹುಡುಗಿಯ ಮುಖ ನೋಡಿದೆ. ಕಂದು ಕಣ್ಣು, ಬೆಳಗಿನಿಂದ ನಿಂತು ಸಾಕಾದ ಮುಖ. "ತಾಯಿ, ನಂದೇ ತಪ್ಪು" ಅಂದೆ. "ನಾನೇ ಮಾಡಿದ್ದು. ಬೇರೆ ಯಾರೂ ಅಲ್ಲ." ಜಗದೀಶ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಅವಳು ಪರವಾಗಿಲ್ಲ ಅನ್ನುವಂತೆ ಕೈಯಾಡಿಸಿ ಚಾಕುವನ್ನು ಡಬ್ಬಕ್ಕೆ ಹಾಕಿದಳು. ಡಬ್ಬದೊಳಗೆ ಬಿದ್ದಾಗ ಅದು ಟಕ್ ಅಂದಿತು.

ಇಪ್ಪತ್ತೆರಡು ವರ್ಷ ಬಾಯಿಗೆ ಬಾರದ ಮಾತು ಇಷ್ಟು ಸಲೀಸು ಅಂತ ನನಗೆ ಗೊತ್ತಿರಲಿಲ್ಲ. ಕೇಳಿಸಿಕೊಳ್ಳುವವರಿಗೆ ಕನ್ನಡ ಬರಬಾರದು, ಅಷ್ಟೆ.

ಹೊಳೆನರಸೀಪುರ

ಗೂಡು ಬರಿದಾಗಿದ್ದು ಅಣ್ಣನಿಗೆ ಇನ್ನೂ ಗೊತ್ತಾಗಿರಲಿಲ್ಲ. ಹಬ್ಬಕ್ಕೆ ಎರಡು ದಿನ ಇತ್ತು. ಹೊಸ ಚಾಕುವನ್ನು ಅಲ್ಲಿ ಇಟ್ಟು, ಸರಿ ಮಾಡಿಸಿದೆ ಅನ್ನಬಹುದಾಗಿತ್ತು. ದಾರಿಯುದ್ದಕ್ಕೂ ಅದನ್ನೇ ಅಂದುಕೊಂಡು ಬಂದಿದ್ದೆ. ಆದರೆ ಹೊಸ ಮರ ಹಳೆಯದರ ಹಾಗೆ ಇರುವುದಿಲ್ಲ. ಹಳೆಯದರ ಹಿಡಿಯಲ್ಲಿ ಅಣ್ಣನ ಹೆಬ್ಬೆರಳು ಸವೆಸಿದ ಒಂದು ತಗ್ಗು ಇತ್ತು. ಅದನ್ನು ಯಾವ ತ್ಯೇರಿನಲ್ಲೂ ಮಾಡಿಕೊಡುವುದಿಲ್ಲ.

ಅಣ್ಣ ಕೊಟ್ಟಿಗೆಯ ಮುಂದೆ ಹಾಲಿನ ಕ್ಯಾನು ತೊಳೆಯುತ್ತಿದ್ದ. "ಬಂದೇನ್ಲಾ? ಅಲ್ಲಿ ಅಸ ಏನ್ ತಿಂತವೆ?" ಅಂತ ಕೇಳಿದ. ನಾನು ಹಸುವಿನ ಮಾತು ಬಿಟ್ಟು, ಚಾಕುವನ್ನು ಜಗಲಿಯ ಮೇಲೆ ಅವನ ಮುಂದೆ ಇಟ್ಟೆ. ಗೂಡಿನಿಂದ ಕದ್ದದ್ದು, ಡಬ್ಬ ಮೀಟಿದ್ದು, ಬೂದಿಗೆ ಮೊನೆ ಎಸೆದದ್ದು, ಸಾರು ಹಾಕಿಸಿಕೊಂಡದ್ದು, ಅಂಗಡಿಯಲ್ಲಿ ಅವನ ಹೆಸರು ಹೇಳಿದ್ದು, ಎಲ್ಲವನ್ನೂ ಹೇಳಿದೆ. ಕನ್ನಡದಲ್ಲಿ ಹೇಳುವುದು ಬಹಳ ಕಷ್ಟ.

ಅಣ್ಣ ಬೈಯಲಿಲ್ಲ. ಕ್ಯಾನಿನ ನೀರು ಚೆಲ್ಲಿ, ಅದನ್ನು ಬೋರಲು ಹಾಕಿದ.

"ಎಣ್ಣೆ ಡಬ್ಬಾನಾ?"

"ಹೂಂ ಅಣ್ಣ."

"ಆ ಮದ್ವೇಲಿ ಊಟ ಚೆನ್ನಾಗಿತ್ತು ಕಣ್ಲಾ. ನಾನೂ ಸೀನನೂ ಅಕ್ಕಪಕ್ಕ ಕೂತ್ಕಂಡು ಉಂಡೊ. ಆ ಎಣ್ಣೇಲಿ ಕರ್ದಿದ್ ಬೋಂಡಾನ ಅವ್ನು ಎರಡ್ ಸಲ ಆಕಿಸ್ಕಂಡ." ಆಮೇಲೆ ಕೇಳಿದ, "ಅಳೇದು ಎಲ್ಲಿ?"

"ಏರೋಪ್ಲೇನ್‌ನೋರು ಕಿತ್ಕಂಡ್ರು."

"ಇಪ್ಪತ್ತೆಲ್ಡು ವರ್ಸ ಪೂಜೆ ಮಾಡುದ್ನಲ್ಲೋ ಅದುಕ್ಕೆ" ಅಂದ, ಗೂಡಿನ ಕಡೆ ನೋಡುತ್ತಾ. "ಸುಳ್ಳಿಗೆ ಕುಂಕ್ಮ ಇಕ್ಸುದ್ಯಲ್ಲೋ ನನ್ ಕೈಲಿ."

ಹೊಸ ಚಾಕುವನ್ನು ಅವನು ಮುಟ್ಟಲಿಲ್ಲ. ಅದು ಜಗಲಿಯ ಮೇಲೆ ಹಾಗೇ ಬಿದ್ದಿತ್ತು. ಒಳಗೆ ಹೋಗುವಾಗ ಹೊಸಿಲ ಮೇಲೆ ನಿಂತು, ನನ್ನ ಕಡೆ ತಿರುಗದೆ ಹೇಳಿದ:

"ನನ್ ಮುಂದೆ ಯಾಕ್ ಮಡಗಿದ್ದೀಯ? ಎತ್ಕಂಡು ಓಗು. ಓಗಿ ಸೀನನ್ ಮುಂದೆ ಮಡಗು."

ಅರಕಲಗೂಡು

ಹಾಗಾಗಿ ನನ್ನ ವಿದೇಶ ಪ್ರವಾಸ ಮುಗಿದದ್ದು ಅರಕಲಗೂಡಿನಲ್ಲಿ. ವಿಮಾನದಲ್ಲಿ ಹೋದ ಊರುಗಳಿಗಿಂತ ಈ ಬಸ್ಸಿನ ದಾರಿಯೇ ನನಗೆ ಉದ್ದವಾಯಿತು.

ಸೀನಣ್ಣ ಮನೆಯ ಹಿಂದೆ ಸಣ್ಣದೊಂದು ನರ್ಸರಿ ಮಾಡಿದ್ದಾನೆ. ನೆರಳುಬಲೆಯ ಕೆಳಗೆ ಕೂತು ಒಬ್ಬನೇ ಕೊಯ್ದು, ಒಬ್ಬನೇ ಕಟ್ಟುತ್ತಿದ್ದ. ಕೊಯ್ಯುತ್ತಿದ್ದದ್ದು ಅರ್ಧ ಮುರಿದ ಗಡ್ಡದ ಬ್ಲೇಡಿನಲ್ಲಿ. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಹೇಳಿದ:

"ಇದೇ ವಾಸಿ. ಮುರುದ್ರೆ ಬಿಸಾಕದು. ಯಾರೂ ಬಂದು ನೀನೇ ಮುರ್ದೆ ಅನ್ನಲ್ಲ."

ಕೂತುಕೊಂಡು ಎಲ್ಲವನ್ನೂ ಹೇಳಿದೆ. ಎರಡನೇ ಸಲ ಹೇಳುವಾಗಲೂ ಸಲೀಸಾಗಲಿಲ್ಲ. ಅವನು ಕೇಳುತ್ತಲೇ ಇನ್ನೆರಡು ಗಿಡ ಕಟ್ಟಿದ. ಮೂರನೆಯದಕ್ಕೆ ಪಟ್ಟಿ ಸುತ್ತುವಾಗ ಕೈ ನಿಂತಿತು.

"ನಿಮ್ಮಣ್ಣಂಗೆ ಯೋಳುದ್ಯಾ?"

"ಹೇಳ್ದೆ. ಅವನೇ ಕಳಿಸಿದ್ದು."

"ಬೋ ಒಳ್ಳೇದ್ ಮಾಡ್ದೆ" ಅಂದ. "ಅವ್ನ್ ಮೇಲೆ ಸಿಟ್ಟು ಮಡಿಕ್ಕಂಡೇ ಇಷ್ಟ್ ವರ್ಸ ಕಳ್ದೆ. ಇನ್ ಮ್ಯಾಕೆ ದಿನಾ ಏನ್ ಮಾಡ್ಲಿ ಯೋಳು?" ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದ.

ನಾನು ಚಾಕುವನ್ನು ಅವನ ಮುಂದೆ ಮಣ್ಣಿನ ಮೇಲೆ ಇಟ್ಟೆ. ಅದನ್ನೇ ನೋಡುತ್ತಾ ಕೂತ. ಎತ್ತಿಕೊಳ್ಳಲಿಲ್ಲ.

"ಎತ್ತು" ಅಂದ. "ಕೈಗ್ ಕೊಡು."

"ಕೈಗೆ ಬೇಡ ಸೀನಣ್ಣ. ಜಗಳ..."

"ಆಗೋ ಜಗ್ಳ ಎಲ್ಲಾ ಆಗೋಗೈತೆ ಕಣ್ಲಾ. ಇನ್ಯಾವ್ದ್ ಬಾಕಿ ಐತೆ? ಕೈಗೇ ಕೊಡು."

ಕೊಟ್ಟೆ. ನಾನು ಹುಟ್ಟಿದಾಗಿನಿಂದ ಚಾಕುವನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು ಅದೇ ಮೊದಲು. ಅವನು ಬಿಚ್ಚಿದ. ಯಾರೂ ಕಲಿಸದಿದ್ದರೂ ಅಲಗು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಿದ, ಬೆನ್ನನ್ನು ಬೆಳಕಿಗೆ ಹಿಡಿದ. ಚಪ್ಪಟೆ ಮಗ್ಗುಲನ್ನು ಹೆಬ್ಬೆರಳಿನಿಂದ ಸವರಿದ. ಒಂದು ಕಸಿಕಡ್ಡಿ ತೆಗೆದು ಎರಡು ಎಳೆತಕ್ಕೆ ಬೆಣೆ ಮಾಡಿದ. ಸರಿಯಾಗಲಿಲ್ಲ, ಒಂದು ಕಡೆ ದಪ್ಪವಾಯಿತು. ಅವನು ಯಾವತ್ತೂ ಕೊಯ್ಯುವವನಲ್ಲ.

"ಮಾಲೇನೋ ಒಳ್ಳೇದು" ಅಂದು ಚಾಕುವನ್ನು ಟಕ್ ಅಂತ ಮುಚ್ಚಿದ. ಹಾಗೆ ಮುಚ್ಚಬಾರದು, ಬೆರಳಿನಿಂದ ಹಿಡಿದು ಮಲಗಿಸಬೇಕು ಅಂತ ಹೇಳಬೇಕಾಗಿತ್ತು. ಹೇಳಲಿಲ್ಲ.

ಅವನು ಚಾಕುವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದ. ಪ್ಲಾಸ್ಟಿಕ್ ಪಟ್ಟಿಯ ಸುರುಳಿಯನ್ನು ಚೀಲಕ್ಕೆ ತುರುಕಿ, ಹೊಳೆನರಸೀಪುರಕ್ಕೆ ಈಗ ಬಸ್ಸು ಇದೆಯಾ ಅಂತ ಕೇಳಿದ. ಇವತ್ತೇ ಬರುತ್ತೀಯಾ ಅಂದೆ.

"ಕೊಯ್ಯೋನು ಅಲ್ಲಿ ಅವ್ನೆ. ಕಟ್ಟೋನು ಇಲ್ಲಿ ಕೂತ್ಕಂಡು ಏನ್ ಮಾಡ್ಲಿ?"

ಬಸ್ಸಿನಲ್ಲಿ ಸೀಟು ಖಾಲಿ ಇತ್ತು. ಆದರೂ ಅವನು ನನ್ನ ಪಕ್ಕ ಕೂರಲಿಲ್ಲ.